ತಂತಿ ಸಡಿಲಿಸುವ ಧೈರ್ಯ

ಜಾಲಿಯಿಂದ ಹೊನ್ನಾವರ, ಕುಮಟೆಯವರೆಗಿನ ಕರಾವಳಿಯಲ್ಲಿ ಆಟ ನೋಡಿ ಬೆಳೆದವರಿಗೆ ಶ್ರುತಿಯ ಪಾಠವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಭಾಗವತರದ್ದು ‘ಕಪ್ಪು ಮೂರು’ ಎಂದಾದರೆ ಮದ್ದಳೆಯೂ ಕಪ್ಪು ಮೂರಕ್ಕೇ ಸೇರಬೇಕು. ನಡುರಾತ್ರಿಯ ಮೇಲೆ ಬೇರೆ ಭಾಗವತರು ಜಾಗಟೆ ಹಿಡಿದು ಕುಳಿತರೆ, ಅವರ ಶ್ರುತಿ ಬೇರೆಯಾಗಿದ್ದರೆ, ಮದ್ದಳೆಯೂ ಬೇರೆಯದೇ ಬರಬೇಕಾಗುತ್ತದೆ. ಚರ್ಮವನ್ನು ಬಿಗಿದು ಏರಿಸುವುದಕ್ಕೂ, ಸಡಿಲಿಸಿ ಇಳಿಸುವುದಕ್ಕೂ ಒಂದು ಮಿತಿ ಉಂಟು. ಆ ಮಿತಿ ದಾಟಿದರೆ ನಾದ ಹೋಗಿ ಬರಿಯ ಸದ್ದು ಉಳಿಯುತ್ತದೆ.

ಇದೇ ತೊಡಕನ್ನು ತಂತಿವಾದ್ಯದಲ್ಲಿ ಬಿಡಿಸಲು ಹೊರಟ ಅಮೆರಿಕದ ವಾದಕರು ಮತ್ತು ಕುಶಲಕರ್ಮಿಗಳು ಒಂದು ವಿಚಿತ್ರ ಯಂತ್ರವನ್ನೇ ಕಟ್ಟಿದರು. ಅದರ ಹೆಸರು ಪೆಡಲ್ ಸ್ಟೀಲ್ ಗಿಟಾರ್. ನೋಡಲು ನಾಲ್ಕು ಕಾಲಿನ ಮೇಜಿನಂತಿರುತ್ತದೆ. ಮೇಲೆ ಹತ್ತು ತಂತಿ, ವಾದಕನ ಎಡಗೈಯಲ್ಲಿ ಉಕ್ಕಿನ ನುಣುಪಾದ ಗುಂಡುಸಲಾಕೆ, ಕೆಳಗೆ ಹೊಲಿಗೆ ಯಂತ್ರಕ್ಕಿರುವಂತೆ ಪಾದದ ತುಳಿಗಳು, ಮೊಣಕಾಲಿನಿಂದ ತಳ್ಳುವ ಸನ್ನೆಗಳು. ತುಳಿಯನ್ನು ಒತ್ತಿದರೆ ವಾದ್ಯದ ಹೊಟ್ಟೆಯೊಳಗಿನ ಕಂಬಿ ಎಳೆದು, ಆರಿಸಿದ ತಂತಿ ಮಾತ್ರ ಅರ್ಧ ಸ್ವರವೋ ಒಂದು ಸ್ವರವೋ ಏರುತ್ತದೆ. ಬಿಟ್ಟರೆ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಮದ್ದಳೆ ಬದಲಿಸಬೇಕಾದಲ್ಲಿ ಇಲ್ಲಿ ನುಡಿಯುತ್ತಿರುವಾಗಲೇ ಶ್ರುತಿ ಬದಲಾಗುತ್ತದೆ.

1954ರಲ್ಲಿ ವೆಬ್ ಪಿಯರ್ಸ್ ಎಂಬ ಗಾಯಕನ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಈ ತುಳಿಯನ್ನು ನಾದ ಮೊಳಗುತ್ತಿರುವಾಗಲೇ ಒತ್ತಿ ತೋರಿಸಿದ. ಒಂದು ಸ್ವರ ನಿಂತಿದ್ದಂತೆಯೇ ಪಕ್ಕದ ಸ್ವರ ಮೆಲ್ಲಗೆ ಮೇಲೇರುವ ಆ ನಾದ ಅಲ್ಲಿನ ಜನಪ್ರಿಯ ಸಂಗೀತದ ಗುರುತೇ ಆಗಿಹೋಯಿತು. ಇಂದು ಬಹುಮಂದಿ ಬಳಸುವ ‘ಇ-9’ ಎಂಬ ಕಟ್ಟಿನಲ್ಲಿ ಹತ್ತು ತಂತಿಗಳು ಮೇಲಿನಿಂದ ರಿ, ನಿ, ಗ, ಸ, ಪ, ಗ, ರಿ, ಸ, ಕೋಮಲ ನಿ, ಪ ಎಂದು ಸಾಗುತ್ತವೆ. ಮೊದಲೆರಡು ತಂತಿ ಏರಿಳಿತದ ಕ್ರಮವನ್ನೇ ಬಿಟ್ಟು ನಿಂತಿವೆ. ತಾಳೆಗೆಟ್ಟಂತೆ ಕಾಣುವ ಈ ಜೋಡಿಯನ್ನು 1960ರ ದಶಕದ ಆರಂಭದಲ್ಲಿ ಸೇರಿಸಿದವನು ಬಡಿ ಎಮನ್ಸ್. ಇಂದು ಶಾಸ್ತ್ರವೆಂದು ಕಲಿಸುವುದು ಅಂದು ಒಬ್ಬನ ಪ್ರಯೋಗವಾಗಿತ್ತು ಎನ್ನುವುದನ್ನು ಮರೆಯಬಾರದು.

ಆ ತುಳಿಗಳು ಮಾಡುವುದಾದರೂ ಏನು? ಮೊದಲನೆಯದು ಪಂಚಮವನ್ನು ಧೈವತಕ್ಕೆ ಏರಿಸುತ್ತದೆ. ಎರಡನೆಯದು ಗಾಂಧಾರವನ್ನು ಮಧ್ಯಮಕ್ಕೆ ಏರಿಸುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಸ-ಗ-ಪ ಇದ್ದದ್ದು ಸ-ಮ-ಧ ಆಗುತ್ತದೆ. ಆಗ ಕಿವಿ ಮಧ್ಯಮವನ್ನೇ ಹೊಸ ಷಡ್ಜವೆಂದು ಹಿಡಿಯುತ್ತದೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಎಲ್ಲೋ ಕೇಳಿದಂತಿದೆ ಅನ್ನಿಸದೆ? ಪುನ್ನಾಗವರಾಳಿ, ನವರೋಜು ಮುಂತಾದ ರಾಗಗಳಿಗೆ ಮಧ್ಯಮವನ್ನೇ ಆಧಾರ ಷಡ್ಜವಾಗಿ ಎಣಿಸುವ ‘ಮಧ್ಯಮ ಶ್ರುತಿ’ ಇದೇ ತತ್ವದ್ದು. ಅಲ್ಲಿ ಪಾದ ಮಾಡುವುದನ್ನು ಇಲ್ಲಿ ಬಿರಡೆ ಮಾಡುತ್ತದೆ.

ಹಿಂದೂಸ್ತಾನಿಯಲ್ಲಿ ಇದು ಇನ್ನೂ ಸಾಮಾನ್ಯ. ಧಾರವಾಡದ ಕಡೆಯ ಯಾವ ಬೈಠಕ್ಕಿನಲ್ಲೇ ಆಗಲಿ, ಮಾಲಕಂಸ ಹಾಡುವ ಮೊದಲು ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಆ ರಾಗದಲ್ಲಿ ಪಂಚಮ ವರ್ಜ್ಯ. ಹಿಂದೆ ಪಂಚಮ ಮಿಡಿಯುತ್ತಿದ್ದರೆ ಹಾಡುಗಾರನಿಗೆ ಅದು ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಮಾರವಾಕ್ಕೆ ಅದೇ ತಂತಿ ನಿಷಾದಕ್ಕೆ ಏರುವುದುಂಟು. ಯಾರೂ ಇದನ್ನು ಪ್ರಯೋಗವೆಂದು ಕರೆಯುವುದಿಲ್ಲ. ರಾಗಕ್ಕೆ ಏನು ಬೇಕೋ ಅದನ್ನು ಕೊಡುವುದು, ಅಷ್ಟೆ.

ಉಕ್ಕಿನ ಸಲಾಕೆಯ ಗಿಟಾರೂ ಭಾರತಕ್ಕೆ ಹೊರಗಿನದಾಗಿ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಜೋಸೆಫ್ ಕೆಕುಕು ರೂಢಿಗೆ ತಂದ ಆ ವಾದನವನ್ನು, ಟಾವು ಮೋ ಎಂಬ ಹವಾಯಿ ವಾದಕ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದಾಗ ಅಲ್ಲಿನವರಿಗೆ ಕಲಿಸಿದ. ಮುಂದೆ ಬ್ರಿಜಭೂಷಣ ಕಾಬ್ರಾ ಅದೇ ಗಿಟಾರಿಗೆ ಶ್ರುತಿ ತಂತಿ ಸೇರಿಸಿ ರಾಗ ನುಡಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಕೇಳುವುದು ಅವರ ಗಿಟಾರೇ. ವಿಶ್ವಮೋಹನ ಭಟ್ಟರು ಅನುರಣನದ ತಂತಿಗಳನ್ನೂ ಕಟ್ಟಿ ‘ಮೋಹನ ವೀಣೆ’ ಮಾಡಿದರು. 1994ರಲ್ಲಿ ರೈ ಕೂಡರ್ ಜೊತೆಗೆ ಗ್ರ್ಯಾಮಿ ಪಡೆದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಹವಾಯಿಯನ್ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುವವರು. ಇವರೆಲ್ಲರಿಗಿಂತ ಮೊದಲೇ ಮೈಸೂರಿನ ಅರಮನೆಯಲ್ಲಿ ನಾರಾಯಣ ಅಯ್ಯಂಗಾರ್ಯರ ಗೋಟುವಾದ್ಯ ಇತ್ತು. ಮೆಟ್ಟಿಲಿಲ್ಲದ ವೀಣೆಯ ಮೇಲೆ ಗಟ್ಟಿ ತುಂಡೊಂದನ್ನು ಜಾರಿಸಿ ನುಡಿಸುವ ಆ ವಾದ್ಯಕ್ಕೆ ಇಂದು ಚಿತ್ರವೀಣೆ ಎಂಬ ಹೆಸರು ಬಳಕೆಯಲ್ಲಿದೆ.

ಮೆಟ್ಟಿಲೇ ಇಲ್ಲದ ಮೇಲೆ ತಂತಿಯ ಕಟ್ಟು ಹೇಗಿದ್ದರೇನು, ಜಾರಿಸಿದರೆ ಎಲ್ಲ ಸ್ವರವೂ ಸಿಗುತ್ತದಲ್ಲ ಎಂದು ಕೇಳಬಹುದು. ಬಿಡಿ ಸ್ವರ ಸಿಗುತ್ತದೆ, ನಿಜ. ಆದರೆ ಸಲಾಕೆ ನೆಟ್ಟಗೆ ಇರುವಷ್ಟು ಕಾಲ ಅದರ ಕೆಳಗಿನ ತಂತಿಗಳೆಲ್ಲ ಒಂದೇ ಅಂತರದಲ್ಲಿ ಒಟ್ಟಿಗೆ ಸರಿಯುತ್ತವೆ. ಯಾವ ಸ್ವರದ ಜೊತೆ ಯಾವ ಸ್ವರ ನುಡಿಯಬೇಕು ಎಂಬುದನ್ನು ಕೈ ತೀರ್ಮಾನಿಸುವುದಿಲ್ಲ, ಕಟ್ಟು ತೀರ್ಮಾನಿಸುತ್ತದೆ. ಹಾಗಾಗಿ ಹೊಸ ಕಟ್ಟು ಒಂದನ್ನು ಕೊಟ್ಟರೆ ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಹತ್ತೂ ತಂತಿಯನ್ನು ಸ-ಪ, ಸ-ಪ ಎಂದು ಕಟ್ಟಿದರೆ ಪಂಚಮವಿರುವ ಯಾವ ರಾಗಕ್ಕೂ ಅಡ್ಡಿಯಿಲ್ಲ, ಆದರೆ ಇ-9ರ ತುಂಬಿದ ಸ್ವರಮೇಳ ಹೋಯಿತು. ಗಾಂಧಾರ ಸೇರಿಸಿದರೆ ಮೇಳ ಬಂತು, ಕೋಮಲ ಗಾಂಧಾರದ ರಾಗಕ್ಕೆ ಅದೇ ತಂತಿ ಮುಳ್ಳಾಯಿತು.

ಆ ಗಾಂಧಾರದಲ್ಲೇ ಇನ್ನೊಂದು ಸೂಕ್ಷ್ಮವಿದೆ. ಹಾರ್ಮೋನಿಯಮ್ಮಿನ ಗಾಂಧಾರ, ಕಿವಿ ಬಯಸುವ ಶುದ್ಧ ಗಾಂಧಾರಕ್ಕಿಂತ ಸ್ವಲ್ಪ ಮೇಲಿದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಹದಿನಾಲ್ಕು ಪಾಲಿನಷ್ಟು. ಸ್ವರಗಳು ಹೀಗೆ ಬಿಗಿದು ನಿಂತಿವೆ, ಗಮಕ ಬಾರದು ಎಂಬ ಆಕ್ಷೇಪದಿಂದಲೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರ ಇಟ್ಟಿತ್ತು. ಕುತೂಹಲವೆಂದರೆ, ರಾಗದ ಗಂಧವಿಲ್ಲದ ಅಮೆರಿಕದ ಪೆಡಲ್ ಸ್ಟೀಲ್ ವಾದಕರೂ ತಮ್ಮ ಗಾಂಧಾರದ ತಂತಿಗಳನ್ನು ಯಂತ್ರ ತೋರಿಸುವುದಕ್ಕಿಂತ ತುಸು ಇಳಿಸಿಯೇ ಕಟ್ಟುತ್ತಾರೆ. ಇಲ್ಲವಾದರೆ ಮೇಳದಲ್ಲಿ ಕರ್ಕಶ ಕೇಳುತ್ತದೆ. ಎಷ್ಟು ಇಳಿಸಬೇಕು ಎಂಬ ವಾದ ಅವರಲ್ಲಿ ಮುಗಿದಿಲ್ಲ. ಈಗ ಮೊಬೈಲಿನಲ್ಲಿ ಶ್ರುತಿ ನೋಡುವ ಕಾಲ. ಹಸಿರು ದೀಪ ಹತ್ತಿದರೆ ಸರಿ ಎಂದು ಕಲಿಯುವ ಮಕ್ಕಳಿಗೆ ಈ ಹದಿನಾಲ್ಕು ಪಾಲಿನ ವ್ಯತ್ಯಾಸ ಕೇಳಿಸದೇ ಹೋಗುವ ಅಪಾಯವಿದೆ. ನಷ್ಟವಾಗುವುದು ಅಲ್ಲಿ.

ಪೆಡಲ್ ಸ್ಟೀಲ್ ದುಬಾರಿ ವಾದ್ಯ, ಸುಲಭಕ್ಕೆ ಸಿಗುವಂಥದ್ದಲ್ಲ. ಅದಿಲ್ಲದೆಯೂ ಪ್ರಯೋಗ ಸಾಧ್ಯ. ಮನೆಯ ಅಟ್ಟದ ಮೇಲಿರುವ ಸಾದಾ ಗಿಟಾರಿಗೆ, ತಂತಿಯನ್ನು ಮೇಲೆತ್ತುವ ಲೋಹದ ಪಟ್ಟಿಯೊಂದನ್ನು ಕತ್ತಿನ ತುದಿಯಲ್ಲಿ ಹಾಕಿ, ತೊಡೆಯ ಮೇಲೆ ಮಲಗಿಸಿದರಾಯಿತು. ರೂಢಿಯ ಕಟ್ಟಿನಿಂದ ಒಂದು, ಎರಡು ಮತ್ತು ಆರನೆಯ ತಂತಿಯನ್ನು ಒಂದು ಪೂರ್ಣ ಸ್ವರ, ಮೂರನೆಯದನ್ನು ಅರ್ಧ ಸ್ವರ ಇಳಿಸಿದರೆ ದಪ್ಪ ತಂತಿಯಿಂದ ಸ-ಪ-ಸ-ಗ-ಪ-ಸ ಸಿಗುತ್ತದೆ. ಮೂರನೆಯದನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರೆ ಗಾಂಧಾರ ಹೋಗಿ ಮಧ್ಯಮ ಬರುತ್ತದೆ. ಆಗ ಕೋಮಲ ಗಾಂಧಾರದ ರಾಗಕ್ಕೂ ದಾರಿ ಬಿಡುಗಡೆ.

ಇಳಿಸುವುದಕ್ಕೆ ಹೆದರಬೇಕಿಲ್ಲ, ಏರಿಸುವಾಗ ಎಚ್ಚರ ಬೇಕು. ತಂತಿಯ ಬಿಗಿತ ಕಂಪನಸಂಖ್ಯೆಯ ವರ್ಗದಂತೆ ಏರುತ್ತದೆ. ಒಂದು ಪೂರ್ಣ ಸ್ವರ ಏರಿಸಿದರೆ ಎಳೆತ ನೂರಕ್ಕೆ ಸುಮಾರು 26ರಷ್ಟು ಹೆಚ್ಚು. ಹಳೆಯ ಗಿಟಾರಿನ ಕುದುರೆ ಕಿತ್ತುಬರುವುದು, ಕತ್ತು ಬಾಗುವುದು ಹೀಗೆಯೇ. ಏರಿಸಲೇಬೇಕಾದರೆ ತೆಳುವಾದ ತಂತಿ ಹಾಕುವುದು ಮೇಲು. ಜಾಲಿಯಂಥ ಕಡಲ ಬದಿಯ ಊರಲ್ಲಿ ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ಯಾವ ಕಟ್ಟಿಗೂ ಸರಿಯಾಗಿ ಸೇರದು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಬೇಕು.

ಒಂದು ಸಲಕ್ಕೆ ಒಂದೇ ತಂತಿ ಬದಲಿಸುವುದು ಜಾಣತನ. ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ಗೊತ್ತಿರುವ ನಾಲ್ಕು ಹಾಡನ್ನು ಎರಡು ವಾರ ಅದರಲ್ಲೇ ನುಡಿಸಿ ನೋಡಬೇಕು. ಬೆರಳು ಮೊದಲ ದಿನ ದೂರು ಹೇಳಿಯೇ ಹೇಳುತ್ತದೆ, ಅದು ಅಭ್ಯಾಸದ ದೂರು. ಎರಡು ವಾರದ ಮೇಲೂ ಕಿವಿ ದೂರು ಹೇಳುತ್ತಿದ್ದರೆ ತಂತಿಯನ್ನು ಹಿಂದಿನ ಜಾಗಕ್ಕೆ ತಿರುಗಿಸಿದರಾಯಿತು. ಬಿರಡೆ ಎರಡೂ ಕಡೆಗೆ ತಿರುಗುತ್ತದೆ.