ಮೊದಲು ಮೀಸೆ ನೋಡಿ, ಆಮೇಲೆ ಸ್ಪ್ರೇಯರ್ ಎತ್ತಿ

ಇವತ್ತಿನ ಬರಹ ಸ್ವಲ್ಪ ಖಾರ ಅದೆ, ಬೇಜಾರು ಮಾಡ್ಕಬೇಡಿ.

ಕೊಳ್ಳೇಗಾಲ, ಯಳಂದೂರು, ಹನೂರು ಕಡೆಯ ರೇಷ್ಮೆ ಗ್ರೂಪುಗಳಲ್ಲಿ ಯಾರಾದ್ರೂ ಹಿಪ್ಪುನೇರಳೆ ತೋಟದ ಒಂದು ನೊಣದ ಫೋಟೊ ಹಾಕಿದ್ರೆ ಸಾಕು, ಐದು ನಿಮಿಷಕ್ಕೆ ತೀರ್ಪು ಬತ್ತದೆ: "ಊಜಿ ಕನಣ್ಣ, ತಡ ಮಾಡ್ಬೇಡ, ಹೊಡಿ." ಫೋಟೊದಲ್ಲಿ ಇರೋದು ಒಣಕಡ್ಡಿ ತುದೀಲಿ ಕೂತು, ಇನ್ನೊಂದು ಹುಳವ ಹಿಡ್ಕಂಡು ಹೀರ್ತಾ ಇರೋ ಉದ್ದ ಹೊಟ್ಟೆಯ ನೊಣ. ಅದು ರಾಬರ್ ಫ್ಲೈ, ಅಂದ್ರೆ ದರೋಡೆ ನೊಣ. ಊಜಿ ಬೇಟೆ ಆಡಿದ್ದ ಯಾರಾದ್ರೂ ಕಂಡಿದ್ದೀರಾ?

ಊಜಿ ಮೇಲೆ ಸಿಟ್ಟು ಇರ್ಬೇಕಾದ್ದೇ. 1980ರಲ್ಲಿ ಅದು ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಎಷ್ಟು ಬೆಳೆ ಹಾಳಾಗದೆ ಅಂತ ರೇಷ್ಮೆ ಸಾಕೋರಿಗೆ ಹೇಳ್ಕೊಡಬೇಕಾಗಿಲ್ಲ. ಆದ್ರೆ ಸಿಟ್ಟಿಗೂ ಕಣ್ಣು ಬೇಕಲ್ವಾ?

ಊಜಿ ಮನೆ ನೊಣದ ದೊಡ್ಡಣ್ಣ ಇದ್ದಂಗೆ. ಗಿಡ್ಡ, ದಪ್ಪ, ಬೂದು ಬಣ್ಣ, ಬೆನ್ನ ಮೇಲೆ ಉದ್ದುದ್ದಕ್ಕೆ ನಾಲ್ಕು ಕಪ್ಪು ಗೆರೆ. ದರೋಡೆ ನೊಣವ ಎದುರಿಂದ ನೋಡಿ: ಎರಡು ದಪ್ಪ ಕಣ್ಣಿನ ನಡುವೆ ನೆತ್ತಿ ಹಳ್ಳ ಬಿದ್ದಿರ್ತದೆ, ಆ ಹಳ್ಳದಲ್ಲಿ ಮೂರು ಪುಟಾಣಿ ಕಣ್ಣು. ಮುಖದ ಮೇಲೆ ಒರಟು ಕೂದಲಿನ ಮೀಸೆ; ಹಿಡಿದ ಹುಳ ಒದ್ದಾಡುವಾಗ ಮುಖಕ್ಕೆ ಏಟು ಬೀಳದಂಗೆ ಕಾಯೋದು ಅದೇ. ಕೆಳಗೆ ಗಟ್ಟಿ ಸೊಂಡಿಲು. ಅದರಲ್ಲಿ ಚುಚ್ಚಿ, ಜೊಲ್ಲು ಬಿಟ್ಟು, ಹುಳದ ಒಳಗಿನದ್ನೆಲ್ಲ ಕರಗಿಸಿ ಹೀರ್ತದೆ. ಕಾಲಿನ ತುಂಬ ಮುಳ್ಳು. ರೆಕ್ಕೆ ಒಂದೇ ಜೊತೆ. ಕಣಜಕ್ಕೂ ಏರೋಪ್ಲೇನ್ ಚಿಟ್ಟೆಗೂ ಎರಡು ಜೊತೆ. ಕೆಲವು ದರೋಡೆ ನೊಣ ದುಂಬಿ ವೇಷ ಹಾಕ್ಕಂಡು ಕೂತಿರ್ತವೆ, ಅಲ್ಲೂ ರೆಕ್ಕೆ ಎಣಿಸಿದ್ರೆ ಬಣ್ಣ ಬಯಲಾಯ್ತದೆ.

ಇನ್ನು ಓದಿದ ಹುಡುಗರ ಕಥೆ. ಆಪ್‌ಗೆ ಒಂದು ಫೋಟೊ ಹಾಕ್ತಾರೆ, ಎರಡು ಪದದ ಲ್ಯಾಟಿನ್ ಹೆಸರು ಬತ್ತದೆ, ಅದೇ ವೇದವಾಕ್ಯ. ಅಪ್ಪಾ, ಪ್ರಪಂಚದಲ್ಲಿ ಈ ನೊಣದ 7,000ಕ್ಕೂ ಹೆಚ್ಚು ಜಾತಿ ಅವೆ. ಜೋಸೆಫ್ ಮತ್ತು ಪರುಯಿ ಬರೆದು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 1998ರಲ್ಲಿ ಹೊರತಂದ ಪುಸ್ತಕವೇ ಬರೀ ಮೊದಲ ಭಾಗ, ಅದರಲ್ಲಿ ಕೆಲವು ಗುಂಪು ಮಾತ್ರ. ಹತ್ತಿರದ ಜಾತಿಗಳ ಬೇರೆ ಮಾಡಕ್ಕೆ ರೆಕ್ಕೆಯ ನರ ನೋಡ್ಬೇಕು, ಗಂಡಿನ ಹೊಟ್ಟೆ ತುದಿಯ ಜನನಾಂಗವ ಸೂಕ್ಷ್ಮದರ್ಶಕದಲ್ಲಿ ನೋಡ್ಬೇಕು. ಮೇಲಿಂದ ತೆಗೆದ ಒಂದು ಮಸುಕು ಫೋಟೊದಲ್ಲಿ ಅದೆಲ್ಲ ಕಾಣ್ತದಾ?

ಹಂಗಂತ "ಹೆಸರೇ ಸಿಗಲ್ಲ, ಫೋಟೊ ಯಾಕೆ" ಅನ್ನೋದೂ ತಪ್ಪು. ಔಷಧಿ ಹೊಡೀಬೇಕಾ ಬೇಡ್ವಾ ಅನ್ನಕ್ಕೆ ಮನೆತನ ಗೊತ್ತಾದ್ರೆ ಸಾಕು, ಜಾತಕ ಬೇಡ. ಮುಖದ ಒಂದು, ಪಕ್ಕದಿಂದ ಒಂದು, ರೆಕ್ಕೆ ಕಾಣಂಗೆ ಮೇಲಿಂದ ಒಂದು, ಬಾಯಲ್ಲಿ ಬೇಟೆ ಇದ್ರೆ ಅದರದ್ದೊಂದು. ಜೊತೆಗೆ ತಾರೀಖು, ಜಾಗ. ಇಷ್ಟಿದ್ರೆ ಮನೆತನ ಸಿಕ್ಕೇ ಸಿಗ್ತದೆ.

ದರೋಡೆ ನೊಣ ಸಾಧು ಅಂತ ನಾನು ಹೇಳ್ತಿಲ್ಲ. ಜೇನು ಹುಳವನ್ನೂ ಹಿಡೀತದೆ. ಅದಕ್ಕೆ ರೈತಮಿತ್ರ ಅಂತ ಹಾರ ಹಾಕೋದು ಬೇಡ. ಆದ್ರೆ ಅದು ಸೊಪ್ಪು ತಿನ್ನಲ್ಲ, ರೇಷ್ಮೆ ಹುಳದ ಮೇಲೆ ಮೊಟ್ಟೆ ಇಡಲ್ಲ. ಅದರ ಮರಿಹುಳ ಮಣ್ಣಲ್ಲೋ ಕೊಳೆತ ಮರದಲ್ಲೋ ಇದ್ದು ಬೇರೆ ಹುಳಗಳ ಮರಿ ತಿಂತದೆ.

ಅದನ್ನ ಊಜಿ ಅಂದ್ಕಂಡು ತೋಟಕ್ಕೆ ಹೊಡೆದ್ರೆ ನಷ್ಟ ಯಾರಿಗೆ? ವಿಷ ಬಿದ್ದ ಸೊಪ್ಪನ್ನೇ ನಾಳೆ ನಿಮ್ಮ ಹುಳ ತಿನ್ನೋದು. ಊಜಿ ಜೊತೆ ಜಗಳ ಇರೋದು ಹುಳು ಮನೇಲಿ: ಕಿಟಕಿ ಬಾಗಿಲಿಗೆ ನೈಲಾನ್ ಪರದೆ, ನೆಲದ ಸಂದೀಲಿ ಅಡಗಿರೋ ಊಜಿ ಕೋಶ ಹೆಕ್ಕಿ ಸುಡೋದು, ಆ ಕೋಶವನ್ನೇ ತಿನ್ನೋ ನೆಸೋಲಿಂಕ್ಸ್ ಪರತಂತ್ರ ಜೀವಿ ಬಿಡೋದು. ಇದ್ಯಾವುದೂ ಮಾಡದೆ ಬದಿನ ಮೇಲೆ ಕೂತ ದರೋಡೆ ನೊಣದ ಮೇಲೆ ಯಾಕೆ ಯುದ್ಧ?

ಇನ್ಮೇಲೆ ಗ್ರೂಪಲ್ಲಿ "ಹೊಡಿ" ಅನ್ನೋರು ಯಾವ ಗುರುತು ನೋಡಿ ಹಂಗಂದ್ರಿ ಅಂತಲೂ ಬರೀರಿ. ಬರೆಯಕ್ಕೆ ಆಗಲ್ಲ ಅಂದ್ರೆ ಸುಮ್ಮನಿರಿ. ಔಷಧಿ ದುಡ್ಡು ನಿಮ್ಮ ಜೇಬಿಂದ ಹೋಗಲ್ಲ, ಸಾಯೋ ಹುಳವೂ ನಿಮ್ಮದಲ್ಲ.