ಗುರುತು ಫೋನಿಗೋ, ವಿದ್ಯಾರ್ಥಿಗೋ?
ಕಳೆದ ವಾರ ವಿಶ್ವವಿದ್ಯಾಲಯವೊಂದರ ಹಾಸ್ಟೆಲಿನಲ್ಲಿ ಮಕ್ಕಳು ವೈಫೈಗಾಗಿ ಫೋನಿನ ಮ್ಯಾಕ್ ವಿಳಾಸವನ್ನು, ಅಂದರೆ ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಯನ್ನು, ಅರ್ಜಿಯಲ್ಲಿ ಬರೆದುಕೊಂಡು ವಾರ್ಡನ್ ಸಹಿಗೆ ಸಾಲುಗಟ್ಟಿ ನಿಂತಿದ್ದರು. ಒಬ್ಬರಿಗೆ ಒಂದೇ ಸಾಧನ. ಲ್ಯಾಪ್‌ಟಾಪ್ ಬೇಕೆಂದರೆ ಫೋನ್ ಬಿಡಬೇಕು. ಈ ನಿಯಮದ ಬುಡವೇ ಈಗ ಸಡಿಲವಾಗಿದೆ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದಮೇಲೆ ಫೋನುಗಳು ಖಾಸಗಿತನ ಕಾಯಲೆಂದು ತಮ್ಮ ಅಸಲಿ ವಿಳಾಸ ಮುಚ್ಚಿಟ್ಟು, ಒಂದೊಂದು ವೈಫೈಗೆ ಒಂದೊಂದು ವಿಳಾಸ ತೋರಿಸುತ್ತವೆ. ನೋಂದಣಿಗೋಸ್ಕರ ಆ ರಕ್ಷಣೆಯನ್ನೇ ಆಫ್ ಮಾಡಿ ಎಂದು ಹದಿನೆಂಟರ ಮಕ್ಕಳಿಗೆ ಹೇಳಿಕೊಡುವುದು ಎಂಥ ಪಾಠ? ಗ್ರಂಥಾಲಯದವರು ನೋಡುವುದು ಓದುಗನ ಕಾರ್ಡನ್ನು, ಅವನು ಹೆಗಲಿಗೆ ಹಾಕಿದ ಚೀಲವನ್ನಲ್ಲ. ಯುರೋಪಿನಲ್ಲಿ ಹುಟ್ಟಿ, ಭಾರತದಲ್ಲಿ ಅರ್ನೆಟ್ ಸಂಸ್ಥೆ ನಡೆಸುತ್ತಿರುವ ಎಡುರೋಮ್ ಎಂಬ ಕ್ಯಾಂಪಸ್ ವೈಫೈ ಜಾಲವೂ ಇದೇ ಹಾದಿಯದು: ಅದಕ್ಕೆ ಸೇರಿದ ಯಾವ ಕ್ಯಾಂಪಸ್ಸಿಗೆ ಹೋದರೂ ವಿದ್ಯಾರ್ಥಿಯ ಪಾಸ್‌ವರ್ಡ್ ಪರೀಕ್ಷಿಸುವುದು ಅವರ ಸ್ವಂತ ಸಂಸ್ಥೆಯೇ, ದುರುಪಯೋಗವಾದರೆ ಯಾರೆಂದು ಪತ್ತೆಹಚ್ಚುವುದೂ ಅಲ್ಲಿಂದಲೇ. ಹಳ್ಳಿಯಿಂದ ಬಂದ ಎಷ್ಟೋ ಹುಡುಗಿಯರಿಗೆ ಕೈಯಲ್ಲಿರುವ ಫೋನೇ ಕಂಪ್ಯೂಟರು, ನೋಟ್ಸು, ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನದ ಕಚೇರಿ. ಅದು ಕೆಟ್ಟು ಗೆಳತಿಯದನ್ನು ಎರವಲು ಪಡೆದ ದಿನ ಅವರು ಹೊರಗಿನವರಾಗಬಾರದು. ಕುಲಪತಿಗಳೇ, ಈ ಶೈಕ್ಷಣಿಕ ವರ್ಷದಲ್ಲೇ ಸಾಧನದ ನೋಂದಣಿ ಕೈಬಿಟ್ಟು ವಿದ್ಯಾರ್ಥಿಯ ಹೆಸರಿಗೇ ಪ್ರವೇಶ ಕೊಡಿ.