ಲಿಂಕ್ ತೆರೆದು ಹೊಲದಲ್ಲಿ ನಡೆದರೆ ಮೊಬೈಲ್ ಬೋರ್‌ವೆಲ್ ಪಾಯಿಂಟ್ ತೋರಿಸುತ್ತದೆಯೇ?

ಇಲ್ಲ. ಆದರೆ ತೆರೆಯ ಮೇಲಿನ ಮುಳ್ಳು ತಿರುಗುವುದು ನಿಜ, ಅದಕ್ಕೇ ಜನ ನಂಬುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿ ಕಡೆ ನಾಲೆ ನೀರು ತಲುಪದ ವರ್ಷ ಕಬ್ಬು ಉಳಿಸಿಕೊಳ್ಳಲು ಬೋರ್‌ವೆಲ್ಲೇ ಗತಿ. ಬರಡು ಜಾಗದಲ್ಲಿ ಕೊರೆಸಿದರೆ ಉಳಿಯುವುದು ಸಾಲ ಮಾತ್ರ. ಹಾಗಾಗಿ ಇಂಥ ಲಿಂಕ್ ಫಾರ್ವರ್ಡ್ ಮಾಡುವ ಮುನ್ನ ಅದು ಅಳೆಯುವುದೇನು ಎಂದು ನೋಡೋಣ.

ಫೋನ್‌ನ ಆಕ್ಸಿಲೆರೋಮೀಟರ್ ಭೂಮಿಯ ಸೆಳೆತ ಯಾವ ಕಡೆಗಿದೆ ಎಂದು ಗುರುತಿಸುತ್ತದೆ. ಫೋನ್ ಅಡ್ಡ ಹಿಡಿದಾಗ ವಿಡಿಯೋ ಅಡ್ಡವಾಗುವುದು ಇದರಿಂದಲೇ. ಜೈರೋಸ್ಕೋಪ್ ತಿರುಗಿದ ವೇಗ ಹೇಳುತ್ತದೆ. ಮ್ಯಾಗ್ನೆಟೋಮೀಟರ್ ಭೂಮಿಯ ಕಾಂತಕ್ಷೇತ್ರ ಹಿಡಿದು ಉತ್ತರ ತಿಳಿಸುತ್ತದೆ (ಅಗ್ಗದ ಕೆಲವು ಫೋನ್‌ಗಳಲ್ಲಿ ಇದು ಇರುವುದೇ ಇಲ್ಲ). ಇವನ್ನೆಲ್ಲ ಕೂಡಿಸಿ ಬ್ರೌಸರ್ ವೆಬ್‌ಪುಟಕ್ಕೆ ಕೊಡುವುದು ಮೂರು ಕೋನ. ಆಲ್ಫಾ ಎಂದರೆ ಫೋನ್ ಎಷ್ಟು ಸುತ್ತಿದೆ, 0ಯಿಂದ 360 ಡಿಗ್ರಿವರೆಗೆ. ಬೀಟಾ ಎಂದರೆ ಹಿಂದೆ-ಮುಂದೆ ಎಷ್ಟು ಬಾಗಿದೆ, ಗ್ಯಾಮಾ ಎಂದರೆ ಎಡ-ಬಲಕ್ಕೆ ಎಷ್ಟು ವಾಲಿದೆ. ನೀರಿನ ಲೆಕ್ಕ ಇದರಲ್ಲಿ ಎಲ್ಲೂ ಇಲ್ಲ.

ಉತ್ತರ ದಿಕ್ಕೂ ಇರಬೇಕೆಂದಿಲ್ಲ! ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮಾಮೂಲಿ ಆಲ್ಫಾದ ಸೊನ್ನೆ ಯಾವ ಕಡೆಗಾದರೂ ಇರಬಹುದು. ಪುಟ ಬರೆದವರು ಉತ್ತರಕ್ಕೆ ಹೊಂದಿಸಿದ ಕೋನವನ್ನು ಬೇರೆಯಾಗಿಯೇ ಕೇಳಬೇಕು. ಕೇಳದಿದ್ದರೆ ವಾಸ್ತು ನೋಡುವ ಪುಟವೂ ಅಡುಗೆಮನೆಯನ್ನು ತಪ್ಪು ಮೂಲೆಗೆ ಹಾಕಿಸುತ್ತದೆ.

ಹಾಗಾದರೆ ಹೊಲದಲ್ಲಿ ಮುಳ್ಳು ತಿರುಗುವುದೇಕೆ? ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಬಹಳ ದುರ್ಬಲ. ಪಂಪ್‌ಸೆಟ್, ಕಬ್ಬಿಣದ ಕೇಸಿಂಗ್ ಪೈಪ್, ಪಕ್ಕದಲ್ಲಿ ನಿಲ್ಲಿಸಿದ ಬೈಕ್, ಫೋನ್ ಕವರಿನ ಆಯಸ್ಕಾಂತ, ಯಾವುದಾದರೂ ಅದನ್ನು ಕೆಡಿಸುತ್ತದೆ. ಹಳೇ ಬೋರ್‌ವೆಲ್ ಹತ್ತಿರ ಮುಳ್ಳು ಕುಣಿದರೆ ಅದು ಕಬ್ಬಿಣದ ಆಟ. ಮಂಡ್ಯದ ನೆಲದಡಿ ಹೆಚ್ಚಾಗಿ ಗಟ್ಟಿ ಬಂಡೆ, ನೀರು ಇರುವುದು ಅದರ ಬಿರುಕುಗಳಲ್ಲಿ. ಆ ನೀರು ಫೋನ್‌ನ ಸೆನ್ಸರ್‌ಗೆ ತಿಳಿಯುವಷ್ಟು ಕಾಂತಕ್ಷೇತ್ರವನ್ನು ಬದಲಿಸುವುದಿಲ್ಲ. ಭೂವಿಜ್ಞಾನಿಗಳು ನೆಲಕ್ಕೆ ಕರೆಂಟ್ ಹಾಯಿಸಿ ಅದರ ರೋಧ ಅಳೆಯುತ್ತಾರೆ. ಅದೂ ಸಾಧ್ಯತೆ ಹೇಳುತ್ತದೆಯೇ ಹೊರತು ಗ್ಯಾರಂಟಿ ಕೊಡುವುದಿಲ್ಲ.

ಐಫೋನ್ 2019ರ ಐಒಎಸ್ 13ರಿಂದ ಈ ಕೋನಗಳನ್ನು ಕೊಡುವ ಮೊದಲು ನಿಮ್ಮ ಅನುಮತಿ ಕೇಳುತ್ತದೆ. ಆಂಡ್ರಾಯ್ಡ್ ಕ್ರೋಮ್ ಸಾಮಾನ್ಯವಾಗಿ ಕೇಳುವುದಿಲ್ಲ. ಬೇಡವೆಂದರೆ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಸೆನ್ಸರ್ಸ್ ಆಫ್ ಮಾಡಬಹುದು. ‘ಪಾಯಿಂಟ್’ ತೋರಿಸಲು ಒಟಿಪಿಯನ್ನೋ ಹಣವನ್ನೋ ಕೇಳುವ ಪುಟವನ್ನು ತಕ್ಷಣ ಮುಚ್ಚಿ.

ಯಾರಾದರೂ ವಾದಿಸಿದರೆ ಹೀಗೆ ಮಾಡಿ: ಫೋನ್ ಕವರ್ ತೆಗೆದು, ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನ ಪಕ್ಕ ಹಿಡಿಯಿರಿ. ಆಮೇಲೆ ಖಾಲಿ ಕಬ್ಬಿಣದ ಡ್ರಮ್ಮಿನ ಪಕ್ಕ ಹಿಡಿಯಿರಿ. ಮುಳ್ಳು ಯಾವುದಕ್ಕೆ ಅಲುಗಿತು, ನೋಡಿ.